ನ್ಯೂಯಾರ್ಕಿನ ಬೆಲೆ ಲೈನ್ ಮನೆ ತನಕ ಬರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಾಫಿಗೆ ದಾಖಲೆ ಬೆಲೆ ಬಂತು, ಬೆಳೆಗಾರರ ಕಷ್ಟ ತೀರಿತು ಅನ್ನುವ ಸುದ್ದಿಯನ್ನು ಒಂದು ವರ್ಷದಿಂದ ಪತ್ರಿಕೆಗಳಲ್ಲಿ ಓದುತ್ತಿದ್ದೇನೆ. ಸುದ್ದಿ ನಿಜ. ಆದರೆ ಅರ್ಧ ಮಾತ್ರ. ಉಳಿದ ಅರ್ಧ ನನ್ನ ತೂಕದ ಪುಸ್ತಕಗಳಲ್ಲಿ ಇದೆ. ಅದನ್ನು ನಿಮ್ಮ ಓದುಗರ ಮುಂದೆ ಇಡಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಕತ್ತರಿಸಬೇಡಿ.

ನಾನು ಮೂಡಿಗೆರೆ ತಾಲ್ಲೂಕಿನವನು. 1987ರಲ್ಲಿ ಇಪ್ಪತ್ತೆರಡನೇ ವಯಸ್ಸಿಗೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿ ಸೇರಿದೆ. ಹಾಜರಿ, ತೂಕ, ಗೊಬ್ಬರದ ಲೆಕ್ಕ, ಶನಿವಾರದ ಬಟವಾಡೆ, ಎಲ್ಲ ರೈಟರ್ ಕೈಯಲ್ಲೇ. ಈಗ ನಿವೃತ್ತಿ ಆಗಿದೆ. ಆದರೂ ಕೊಯ್ಲಿನ ಸಮಯಕ್ಕೆ ಸಾಹುಕಾರರು ಕರೆಯುತ್ತಾರೆ, ಹೋಗುತ್ತೇನೆ. ಅಪ್ಪ ಬಿಟ್ಟುಹೋದ ಎರಡು ಎಕರೆ ತೋಟ ನನಗೂ ಇದೆ, ಅರೇಬಿಕಾ ಜಾತಿಯ ಕಾಫಿ. ಹಾಗಾಗಿ ಕೂಲಿ ಕೊಡುವ ಕಷ್ಟವೂ ಗೊತ್ತು, ಕೂಲಿ ತಗೊಳ್ಳುವ ಕೈಯೂ ಗೊತ್ತು.

ಈ ಸಲದ ಡಿಸೆಂಬರಿನ ಒಂದು ಸಂಜೆಯ ಮಾತು. ನಾಲ್ಕೂವರೆ ಆಗಿತ್ತು. ಕಣದ ಪಕ್ಕ ತೂಕ ನಡೆಯುತ್ತಿತ್ತು. ಮೇಸ್ತ್ರಿ ಚೀಲವನ್ನು ಕೊಕ್ಕೆಗೆ ಸಿಕ್ಕಿಸುತ್ತಾನೆ, ನಾನು ಮುಳ್ಳು ನೋಡಿ ಕೂಗಿ ಬರೆದುಕೊಳ್ಳುತ್ತೇನೆ. ಗೋಣಿಯ ತೂಕ ಅಂತ ಚೀಲಕ್ಕೆ ಒಂದು ಕೆಜಿ ಕಳೆಯುತ್ತೇವೆ. ಅಸ್ಸಾಮಿನಿಂದ ಬಂದ ಒಬ್ಬ ಹುಡುಗಿ, ಇಪ್ಪತ್ತು ವರ್ಷ ಇರಬಹುದು, ಎರಡು ಚೀಲ ತಂದಿದ್ದಳು. ಮುಳ್ಳು ನಿಲ್ಲುವ ತನಕ ಉಸಿರು ಬಿಗಿಹಿಡಿದು ನೋಡಿದಳು. ಎರಡೂ ಸೇರಿ ಎಪ್ಪತ್ತೆಂಟು. "ಎಂಬತ್ತು ಆಗಲಿಲ್ವಾ ರೈಟ್ರೇ?" ಅಂತ ತನಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ ಕೇಳಿದಳು. ಬೆರಳ ತುದಿಯೆಲ್ಲ ಹಣ್ಣಿನ ಅಂಟಿಗೆ ಕಪ್ಪಾಗಿತ್ತು. ಕೆಂಜಿಗ ಕಚ್ಚಿ ಮೊಣಕೈ ಊದಿತ್ತು. ಕೆಜಿಗೆ ಆರು ರೂಪಾಯಿ ಲೆಕ್ಕದಲ್ಲಿ 468 ರೂಪಾಯಿ ಅಂತ ಬರೆದೆ.

ಅದೇ ಹೊತ್ತಿಗೆ ಸಾಹುಕಾರರ ಮಗ ಜೀಪಿನ ಹತ್ತಿರ ನಿಂತು ಫೋನ್ ನೋಡುತ್ತಿದ್ದರು. ನ್ಯೂಯಾರ್ಕ್ ಟರ್ಮಿನಲ್, ಅಂದರೆ ಜಗತ್ತಿನ ಅರೇಬಿಕಾ ಬೆಲೆ ಗೊತ್ತಾಗುವ ಅಲ್ಲಿನ ಕಾಫಿ ಮಾರುಕಟ್ಟೆ, ತೆರೆದಿತ್ತು. ಅಲ್ಲಿ ಒಂದು ಸೆಂಟ್ ಆಚೀಚೆ ಆದರೆ ಇಲ್ಲಿ ಕಣದ ಪಕ್ಕದಲ್ಲೇ ಗೊತ್ತಾಗುತ್ತದೆ. ಹತ್ತು ಅಡಿ ದೂರದಲ್ಲಿ ನಿಂತ ಆ ಹುಡುಗಿಗೆ ಮಾತ್ರ ಆ ಸೆಂಟು ಯಾವತ್ತೂ ತಲುಪುವುದಿಲ್ಲ. ಬೆಲೆ ಏರಲಿ ಇಳಿಯಲಿ, ಅವಳದು ಆರು ರೂಪಾಯಿ.

ಅವತ್ತು ರಾತ್ರಿ ಮನೆಯಲ್ಲಿ ಕೂತು ಒಂದು ಲೆಕ್ಕ ಹಾಕಿದೆ. ಸುಮಾರು ಆರು ಕೆಜಿ ಹಣ್ಣು ಕೊಯ್ದರೆ ಒಂದು ಕೆಜಿ ಶುದ್ಧ ಕಾಫಿ ಬೀಜ ಸಿಗುತ್ತದೆ. ಹುರಿದರೆ 850 ಗ್ರಾಂ ಉಳಿಯುತ್ತದೆ. ಕಪ್ಪಿಗೆ 15 ಗ್ರಾಂ ಹಾಕಿದರೆ 56 ಕಪ್ ಆಗುತ್ತದೆ. ಆರು ಕೆಜಿ ಕೊಯ್ದ ಕೂಲಿ 36 ರೂಪಾಯಿ. ಅಂದರೆ ಒಂದು ಕಪ್ಪಿನಲ್ಲಿ ಕೊಯ್ದವರ ಪಾಲು 64 ಪೈಸೆ. ಬೆಳೆಗಾರನದು ಎಷ್ಟು? 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ ನಾಲ್ಕು ಡಾಲರ್ ದಾಟಿ 1977ರ ಹಳೆಯ ದಾಖಲೆಗಿಂತ ಎಷ್ಟೋ ಮೇಲೆ ಹೋದಾಗ, ನಮ್ಮಲ್ಲಿ 50 ಕೆಜಿಯ ಪಾರ್ಚ್‌ಮೆಂಟ್ ಮೂಟೆ ಇಪ್ಪತ್ತಾರು ಸಾವಿರಕ್ಕೆ ಹೋಯಿತು. ಪಾರ್ಚ್‌ಮೆಂಟ್ ಅಂದರೆ ತೆಳು ಒಳಸಿಪ್ಪೆ ಇರುವ ಒಣ ಬೀಜ. ಸಿಪ್ಪೆ ತೆಗೆದರೆ ಆ 50 ಕೆಜಿಯಲ್ಲಿ ಸುಮಾರು 40 ಕೆಜಿ ಶುದ್ಧ ಬೀಜ ಉಳಿಯುತ್ತದೆ. ಆ ಲೆಕ್ಕದಲ್ಲಿ ಕಪ್ಪಿಗೆ ಹನ್ನೊಂದೂವರೆ ರೂಪಾಯಿ. ಗೊಬ್ಬರ, ಡೀಸೆಲ್, ಔಷಧಿ, ಕೂಲಿ ಎಲ್ಲ ಅದರೊಳಗೇ. ಅದೇ ಕಪ್ಪಿಗೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ಮಗಳು ಮುನ್ನೂರು ರೂಪಾಯಿ ಕೊಟ್ಟಿದ್ದನ್ನು ನಾನೇ ನೋಡಿದ್ದೇನೆ. ಬಾಡಿಗೆ, ಹಾಲು, ಸಂಬಳ, ತೆರಿಗೆ ಎಲ್ಲ ಇರುತ್ತದೆ, ಒಪ್ಪುತ್ತೇನೆ. ಆದರೂ ಮುನ್ನೂರರಲ್ಲಿ ಅರವತ್ತನಾಲ್ಕು ಪೈಸೆ.

ದೇಶ ದೇಶಗಳ ನಡುವೆಯೂ ಇದೇ ಕತೆ. ಜರ್ಮನಿ, ಸ್ವಿಟ್ಜರ್‌ಲೆಂಡ್‌ನಲ್ಲಿ ಕಾಫಿ ಗಿಡ ಬೆಳೆಯುವುದಿಲ್ಲ. ಆದರೂ ಬೀಜ ತರಿಸಿಕೊಂಡು, ಹುರಿದು, ಪ್ಯಾಕ್ ಮಾಡಿ, ಜಗತ್ತಿಗೆ ಕಾಫಿ ಮಾರುವ ದೊಡ್ಡ ದೇಶಗಳಲ್ಲಿ ಅವೂ ಸೇರಿವೆ. ಕಾಫಿಯ ತವರು ಇಥಿಯೋಪಿಯಾ ಇವತ್ತಿಗೂ ಬಡ ದೇಶ. ಬೆಳೆದವರ ಹತ್ತಿರ ಬೀಜ, ಹುರಿದವರ ಹತ್ತಿರ ದುಡ್ಡು.

ನಾನು ಕೆಲಸಕ್ಕೆ ಸೇರಿದಾಗ ಹೀಗಿರಲಿಲ್ಲ. ಬೆಳೆದ ಕಾಫಿಯನ್ನೆಲ್ಲ ಕೇಂದ್ರ ಸರ್ಕಾರದ ಕಾಫಿ ಮಂಡಳಿಯ ಪೂಲಿಗೆ ಕೊಡಬೇಕಿತ್ತು. ಎಲ್ಲರ ಕಾಫಿ ಒಟ್ಟು ಮಾಡಿ ಮಂಡಳಿಯೇ ಮಾರುತ್ತಿತ್ತು. 1942ರ ಕಾಯ್ದೆ ಅದು. ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಸಾಹುಕಾರರು ಮಂಡಳಿಗೆ ಬೈಯದ ದಿನ ಇರಲಿಲ್ಲ. ಜಗತ್ತಿನ ಮಟ್ಟದಲ್ಲೂ ಒಂದು ಕಟ್ಟುಪಾಡು ಇತ್ತು. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದದಲ್ಲಿ ಬೆಳೆಯುವ ದೇಶಗಳೂ ಕೊಳ್ಳುವ ದೇಶಗಳೂ ಕೂತು, ಯಾರು ಎಷ್ಟು ಮಾರಬೇಕು ಅಂತ ಕೋಟಾ ಮಾಡಿಕೊಂಡಿದ್ದವು. 1989ರ ಜುಲೈಯಲ್ಲಿ ಆ ಕೋಟಾ ಮುರಿದುಬಿತ್ತು. ಬೆಲೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಆಮೇಲೆ 1991 ಬಂತು, ದೇಶದ ಬಾಗಿಲು ತೆರೆಯಿತು. 1996ರ ಹೊತ್ತಿಗೆ ಬೆಳೆಗಾರರೆಲ್ಲರಿಗೂ ಮುಕ್ತ ಮಾರುಕಟ್ಟೆ ಸಿಕ್ಕಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಏರಿದ್ದರಿಂದ ಆ ನಾಲ್ಕೈದು ವರ್ಷ ನಮ್ಮ ಕಡೆ ಹೊಸ ಜೀಪು, ಹೊಸ ಮನೆ, ದೊಡ್ಡ ದೊಡ್ಡ ಮದುವೆ. ಲೈನಿನಲ್ಲಿ, ಅಂದರೆ ತೋಟದ ಆಳುಗಳ ಸಾಲುಮನೆಗಳಲ್ಲಿ? ಹಂಚು ಸೋರುತ್ತಿದ್ದ ಎರಡು ಮನೆಗೆ ತಗಡು ಹಾಕಿಸಿದ್ದು ನನ್ನ ಪುಸ್ತಕದಲ್ಲಿದೆ. ಬೇರೇನೂ ಇಲ್ಲ.

ಆಮೇಲೆ ಬಂತು 2001. ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 45 ಸೆಂಟಿನ ಆಸುಪಾಸಿಗೆ ಇಳಿಯಿತು. ಇಲ್ಲಿ ಪಾರ್ಚ್‌ಮೆಂಟ್ ಮೂಟೆ ಎರಡು ಸಾವಿರದ ಹತ್ತಿರ ಕೇಳಿದರೂ ಕೊಡುವ ಪರಿಸ್ಥಿತಿ. ಬ್ಯಾಂಕಿನವರು ಬಂದು ಕೂರುತ್ತಿದ್ದರು. ನಮ್ಮ ಸಾಹುಕಾರರು ಕೆಟ್ಟವರಲ್ಲ. ಜೀಪು ಮಾರಿದರು, ಅಮ್ಮನವರ ಒಡವೆ ಅಡವಿಟ್ಟರು. ಅದಾದ ಮೇಲೂ ಆಗಲಿಲ್ಲ. 2002ರ ಬೇಸಿಗೆಯಲ್ಲಿ ಹದಿನೇಳು ಜನರ ಹೆಸರು ಹಾಜರಿ ಪುಸ್ತಕದಿಂದ ತೆಗೆಯಲು ಹೇಳಿದರು. ಕೆಂಪು ಶಾಯಿಯಲ್ಲಿ ಗೆರೆ ಎಳೆದವನು ನಾನು. ಒಬ್ಬ ಹೆಂಗಸು, ಹದಿನಾಲ್ಕು ವರ್ಷ ಅದೇ ತೋಟದಲ್ಲಿ ದುಡಿದವಳು, ಕಚೇರಿಯ ಕಟ್ಟೆ ಹತ್ತಿರ ನಿಂತು ಕೇಳಿದಳು: "ನಾವು ಕೊಯ್ದಿದ್ದು ಸರಿ ಇರಲಿಲ್ವಾ ರೈಟ್ರೇ?" ನ್ಯೂಯಾರ್ಕ್ ಅಂದರೆ ಏನು ಅಂತ ಅವಳಿಗೆ ಹೇಗೆ ಹೇಳಲಿ?

ಅವಳ ಮಗಳು ಮತ್ತು ನನ್ನ ಮಗಳು ಒಂದೇ ಸರ್ಕಾರಿ ಶಾಲೆ, ಒಂದೇ ಬೆಂಚು. ಇಬ್ಬರೂ ಏಳನೇ ಕ್ಲಾಸು ಒಟ್ಟಿಗೆ ಪಾಸಾದರು. ನಿಜ ಹೇಳಬೇಕೆಂದರೆ ಗಣಿತದಲ್ಲಿ ಆ ಹುಡುಗಿಯೇ ಮುಂದಿದ್ದಳು. ಆ ಜೂನ್‌ನಲ್ಲಿ ನನ್ನ ಮಗಳು ಎಂಟನೇ ಕ್ಲಾಸಿಗೆ ಹೋದಳು. ಆ ಹುಡುಗಿ ಅಪ್ಪ ಅಮ್ಮನ ಜೊತೆ ಕೂಲಿ ಹುಡುಕಿಕೊಂಡು ಹಾಸನದ ಕಡೆ ಹೋದಳು.

ನನ್ನ ಮಗಳು ಈಗ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಅಮೆರಿಕದವರ ಕೆಲಸ ಮಾಡುತ್ತಾಳೆ. ಅವಳ ಒಂದು ತಿಂಗಳ ಸಂಬಳ ನನ್ನ ಕೊನೆಯ ವರ್ಷದ ಇಡೀ ಸಂಬಳದ ಹತ್ತಿರ ಬರುತ್ತದೆ. ಆ ಹುಡುಗಿ ಹಾಸನದ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಾಳೆ. ಅದೂ ಅಮೆರಿಕಕ್ಕೇ ಹೋಗುವ ಬಟ್ಟೆ. ಕೈಗೆ ಹದಿಮೂರು ಸಾವಿರ ಬರುತ್ತದೆ. ಕಳೆದ ವರ್ಷ ಜಾತ್ರೆಯಲ್ಲಿ ಸಿಕ್ಕಿದ್ದಳು. "ಮಾವ, ಓಟಿ ನಿಂತುಹೋಯ್ತು" ಅಂದಳು. ಓಟಿ ಅಂದರೆ ಓವರ್‌ಟೈಮ್ ಕೆಲಸ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿಗೆ ಶೇ 50 ಸುಂಕ ಹಾಕಿದ ಮೇಲೆ ಆರ್ಡರ್ ಕಡಿಮೆಯಾಗಿತ್ತಂತೆ. ಒಂದೇ ಬೆಂಚಿನ ಇಬ್ಬರು, ಇಬ್ಬರೂ ಜಾಗತೀಕರಣದ ಅನ್ನ ತಿನ್ನುವವರೇ. ನಡುವೆ ಹದಿನೈದು ಪಟ್ಟು ಅಂತರ. ಆ ಅಂತರ ಹುಟ್ಟಿದ್ದು ಬುದ್ಧಿಯಿಂದ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅದು ಹುಟ್ಟಿದ್ದು ನಾನು ಗೆರೆ ಎಳೆದ ಆ ಬೇಸಿಗೆಯಲ್ಲಿ.

ಆ ಕಾಲದಲ್ಲಿ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು, ವಿಯೆಟ್ನಾಂನವರು ಬೆಲೆ ಕೆಡಿಸಿದರು ಅಂತ. ನಾನೂ ಹಾಗೇ ಬೈದಿದ್ದೇನೆ. 1990ರ ಹೊತ್ತಿಗೆ ಕಾಫಿ ಲೆಕ್ಕದಲ್ಲಿ ಅಷ್ಟಾಗಿ ಇರದ ಆ ದೇಶ, ಹತ್ತು ವರ್ಷದಲ್ಲಿ ಕೊಲಂಬಿಯಾವನ್ನು ಹಿಂದೆ ಹಾಕಿ ಬ್ರೆಜಿಲ್ ನಂತರದ ಜಾಗಕ್ಕೆ ಬಂತು. ಅವರು ಸುರಿದ ರೊಬಸ್ಟಾ, ಅಂದರೆ ಅರೇಬಿಕಾಕ್ಕಿಂತ ಅಗ್ಗದ ಇನ್ನೊಂದು ಜಾತಿಯ ಕಾಫಿ, ನಮ್ಮ ಬೆಲೆ ಬೀಳಿಸಿದ್ದು ನಿಜ. ಆದರೆ ಆಮೇಲೆ ಓದುತ್ತಾ ಹೋದ ಹಾಗೆ ಇನ್ನೊಂದು ವಿಷಯ ಗೊತ್ತಾಯಿತು. 1993ರಲ್ಲಿ ವಿಯೆಟ್ನಾಂನಲ್ಲಿ ನೂರಕ್ಕೆ 58 ಜನ ಬಡವರು. 2004ರ ಹೊತ್ತಿಗೆ ಅದು 20ಕ್ಕೆ ಬಂತು. ನಮ್ಮ ಲೈನ್ ಖಾಲಿ ಆದ ವರ್ಷಗಳಲ್ಲೇ ಅಲ್ಲಿ ಯಾರದೋ ಮಗಳು ಶಾಲೆಗೆ ಸೇರಿದ್ದಾಳೆ. ಅವಳ ಮೇಲೆ ಹೇಗೆ ಸಿಟ್ಟು ಮಾಡಿಕೊಳ್ಳಲಿ? ಅಲ್ಲೂ ಎಲ್ಲ ಸರಿಯಿಲ್ಲ, ಗುಡ್ಡಗಾಡಿನ ಮೂಲ ಜನ ಹಿಂದೆ ಉಳಿದರು. ಆದರೆ ಎಂಬತ್ತರ ದಶಕದ ಕೊನೆಯಿಂದ ಅಲ್ಲಿ ಜಮೀನನ್ನು ರೈತರ ಕುಟುಂಬಗಳ ಕೈಗೆ ಹಂಚಿದ್ದರು. ಹಾಗಾಗಿ ಬೆಲೆ ಬಂದಾಗ ದುಡ್ಡು ತುಂಬ ಮನೆಗಳಿಗೆ ಹೋಯಿತು. 1990ರಲ್ಲಿ ತಲಾ ವರಮಾನದಲ್ಲಿ ಅವರು ನಮಗಿಂತ ಹಿಂದೆ ಇದ್ದರು. 2024ರಲ್ಲಿ ಅವರದು ಸುಮಾರು 4,700 ಡಾಲರ್, ನಮ್ಮದು 2,700.

ಇಲ್ಲೇ ನನಗೆ ಮುಖ್ಯ ಅನ್ನಿಸುವ ವಿಷಯ ಇರುವುದು. ದೇಶ ದೇಶಗಳ ನಡುವಿನ ಅಂತರ ಒಂದು ಲೆಕ್ಕದಲ್ಲಿ ಕಡಿಮೆ ಆಗಿದೆ. 1990ರಲ್ಲಿ ಅಮೆರಿಕದವರ ಸರಾಸರಿ ವರಮಾನ ನಮ್ಮದರ 65 ಪಟ್ಟು ಇತ್ತು, 2024ರಲ್ಲಿ ಸುಮಾರು 32 ಪಟ್ಟು. ಚೀನಾ 1978ರಿಂದ ನಲವತ್ತು ವರ್ಷದಲ್ಲಿ ಎಂಬತ್ತು ಕೋಟಿ ಜನರನ್ನು ಕಡು ಬಡತನದಿಂದ ಮೇಲೆತ್ತಿತು ಅಂತ ವಿಶ್ವಬ್ಯಾಂಕ್ ಹೇಳುತ್ತದೆ. ಇದೆಲ್ಲ ಸಣ್ಣ ಮಾತಲ್ಲ. ವ್ಯಾಪಾರದ ಬಾಗಿಲು ಮುಚ್ಚಿ ಅನ್ನುವವರು ಇದನ್ನು ಮರೆಯಬಾರದು. ಆದರೆ ಎಷ್ಟು ಪಟ್ಟು ಅನ್ನುವುದನ್ನು ಬಿಟ್ಟು ಡಾಲರ್‌ನಲ್ಲಿ ನೋಡಿದರೆ, ಆಗ 23 ಸಾವಿರ ಇದ್ದ ಅಂತರ ಈಗ 80 ಸಾವಿರ ಮೀರಿದೆ.

ಇನ್ನು ದೇಶದ ಒಳಗೆ ನೋಡಿ. ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಟಾಮಸ್ ಪಿಕೆಟ್ಟಿ ಮತ್ತು ಜೊತೆಗಾರರು 2024ರಲ್ಲಿ ಭಾರತದ ಲೆಕ್ಕ ಹೊರಗೆ ತಂದರು. 1980ರ ದಶಕದ ಆರಂಭದಲ್ಲಿ ದೇಶದ ಒಟ್ಟು ವರಮಾನದಲ್ಲಿ ತುದಿಯ ಶೇ 1 ಜನರ ಪಾಲು ಶೇ 6ರಷ್ಟಿತ್ತು. 2022–23ರಲ್ಲಿ ಅದು ಶೇ 22.6. ಬ್ರಿಟಿಷರ ಕಾಲಕ್ಕಿಂತಲೂ ಜಾಸ್ತಿ. ಆಸ್ತಿಯಲ್ಲಿ ಅವರ ಪಾಲು ಶೇ 40. ಅಂದರೆ ಇಡೀ ದೇಶ ಮುಂದೆ ಹೋಯಿತು, ಆದರೆ ಸಾಲಿನ ಮುಂದಿದ್ದವರು ಓಡಿದರು, ಹಿಂದಿದ್ದವರು ನಡೆದರು.

ಶ್ರೀಮಂತ ದೇಶದಲ್ಲೂ ಹೀಗೇ ಆಗಿದೆ. ಬ್ರಾಂಕೊ ಮಿಲನೊವಿಚ್ ಅನ್ನುವ ಅರ್ಥಶಾಸ್ತ್ರಜ್ಞರು 1988ರಿಂದ 2008ರ ತನಕದ ಲೆಕ್ಕ ಹಾಕಿದ್ದಾರೆ. ಏಷ್ಯಾದ ಮಧ್ಯಮದವರಿಗೂ ಜಗತ್ತಿನ ತುತ್ತತುದಿಯ ಶ್ರೀಮಂತರಿಗೂ ಚೆನ್ನಾಗಿ ಲಾಭ ಆಯಿತು. ಅಮೆರಿಕ, ಯುರೋಪಿನ ಸಾಮಾನ್ಯ ದುಡಿಯುವವರಿಗೆ ಹೆಚ್ಚೇನೂ ಸಿಗಲಿಲ್ಲ. ಫ್ಯಾಕ್ಟರಿ ಮುಚ್ಚಿದಾಗ ಅಲ್ಲೂ ಯಾರೋ ಹೆಸರಿನ ಮೇಲೆ ಗೆರೆ ಎಳೆದಿರುತ್ತಾರೆ ಅಲ್ವಾ? ಅವರ ಸಿಟ್ಟು ಓಟಾಯಿತು, ಓಟು ಸುಂಕವಾಯಿತು, ಆ ಸುಂಕ ಹಾಸನದ ಹುಡುಗಿಯ ಓಟಿ ನಿಲ್ಲಿಸಿತು. ಅಲ್ಲಿ ಲಾಭ ಸರಿಯಾಗಿ ಹಂಚಿದ್ದರೆ ಇಲ್ಲಿ ಇವಳ ಹೊಟ್ಟೆಗೆ ಹೊಡೆತ ಬೀಳುತ್ತಿರಲಿಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಸರಿ, ಮಾಡುವುದೇನು? ನಾನು ಒಂದು ಸಲ ಮಾಡಿ ನೋಡಿದೆ. ಕಳೆದ ವರ್ಷದ ಕೊಯ್ಲಿನಲ್ಲಿ ನನ್ನ ಎರಡು ಎಕರೆಯಲ್ಲಿ ಹತ್ತು ಮೂಟೆ ಪಾರ್ಚ್‌ಮೆಂಟ್ ಆಯಿತು. ಎರಡು ಲಕ್ಷ ಅರವತ್ತು ಸಾವಿರ ಬಂತು, ಜೀವಮಾನದಲ್ಲಿ ಅಷ್ಟು ಕಂಡಿರಲಿಲ್ಲ. ಒಟ್ಟು 2,400 ಕೆಜಿ ಹಣ್ಣು. ಕೊಯ್ದವರಿಗೆ ಕೆಜಿಗೆ ಎರಡು ರೂಪಾಯಿ ಜಾಸ್ತಿ ಕೊಟ್ಟೆ. ನನಗೆ ಬಿದ್ದ ಖರ್ಚು 4,800 ರೂಪಾಯಿ, ಅಷ್ಟೇ. ಮೂರನೇ ದಿನ ಅಕ್ಕಪಕ್ಕದ ಇಬ್ಬರು ಬೆಳೆಗಾರರು ಮನೆಗೆ ಬಂದರು. ಕಾಫಿ ಕುಡಿದು, ಮೆತ್ತಗೆ ಹೇಳಿದರು: "ಸುಮ್ನೆ ರೇಟು ಕೆಡಿಸಬೇಡಿ. ನಿಮಗೆ ಎರಡು ಎಕರೆ, ನಮಗೆ ಸಾಲ ಇದೆ." ಅವರ ಮಾತಿನಲ್ಲೂ ನ್ಯಾಯ ಇತ್ತು. ಒಬ್ಬರ ತೋಟದಲ್ಲಿ ಎಂಟು, ಪಕ್ಕದಲ್ಲಿ ಆರು ಅಂದರೆ ಆಳುಗಳು ಆಚೆ ಹೋಗುತ್ತಾರೆ, ಜಗಳ ಆಗುತ್ತದೆ. ಒಬ್ಬನ ಕೈಯಲ್ಲಿ ಆಗುವ ಕೆಲಸ ಅಲ್ಲ ಇದು.

ದೇಶಗಳಿಗೂ ಇದೇ ಕಷ್ಟ. ನಾವೊಬ್ಬರೇ ಕೂಲಿ ಏರಿಸಿದರೆ ಕೊಳ್ಳುವವರು ಇನ್ನೊಂದು ದೇಶಕ್ಕೆ ಹೋಗುತ್ತಾರೆ ಅನ್ನುವ ಹೆದರಿಕೆ ಎಲ್ಲರಿಗೂ ಇದೆ. 1962ರಲ್ಲಿ ಎಲ್ಲರೂ ಕೂತು ಒಪ್ಪಂದ ಮಾಡಿಕೊಂಡಿದ್ದು ಇದಕ್ಕೇ. ಅದರಲ್ಲಿ ಒಂದು ದೊಡ್ಡ ಕೊರತೆ ಇತ್ತು, ಕೊಯ್ಯುವವರ ಮಾತೇ ಇರಲಿಲ್ಲ. ಈ ಸಲ ಅಲ್ಲಿಂದಲೇ ಶುರು ಮಾಡಬೇಕು. ಯುರೋಪ್ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿದೆ. 2020ರ ನಂತರ ಕಾಡು ಕಡಿದ ಜಾಗದ ಕಾಫಿ ಅವರಿಗೆ ಬೇಡ, ತೋಟ ಎಲ್ಲಿದೆ ಅನ್ನುವ ಜಾಗದ ಗುರುತು ದಾಖಲಾಗಬೇಕು. ಜಾರಿ ಎರಡು ಸಲ ಮುಂದೆ ಹೋಗಿದೆ, ಆದರೆ ನಮ್ಮ ಸಣ್ಣ ಬೆಳೆಗಾರರು ಈಗಲೇ ಪಹಣಿ ಹಿಡಿದುಕೊಂಡು ಓಡಾಡುತ್ತಿದ್ದಾರೆ. ಬೀಜ ಯಾವ ಗುಂಟೆಯಲ್ಲಿ ಬೆಳೆಯಿತು ಅಂತ ಗುರುತಿಸಲು ಆಗುತ್ತದೆ ಅಂದ ಮೇಲೆ, ಅದನ್ನು ಕೊಯ್ದವರಿಗೆ ಎಷ್ಟು ಸಿಕ್ಕಿತು ಅಂತಲೂ ಬರೆಯಬಹುದು.

ಅಲ್ಲಿಯ ತನಕ ಕಾಯಬೇಕಾಗಿಲ್ಲ. ನಮ್ಮ ಜಿಲ್ಲೆ, ಹಾಸನ, ಕೊಡಗು, ಈ ಮೂರರಲ್ಲೇ ದೇಶದ ಮುಕ್ಕಾಲು ಪಾಲಿನ ಹತ್ತಿರದ ಕಾಫಿ ಬೆಳೆಯುತ್ತದೆ. ಬೆಳೆಗಾರರ ಸಂಘಗಳು, ಕಾರ್ಮಿಕ ಸಂಘಗಳು, ಕಾರ್ಮಿಕ ಇಲಾಖೆ, ಕಾಫಿ ಮಂಡಳಿ ಎಲ್ಲರೂ ಕೊಯ್ಲಿಗೆ ಮೊದಲು ಅಕ್ಟೋಬರಿನಲ್ಲಿ ಒಟ್ಟಿಗೆ ಕೂರಲಿ. ಕೊಯ್ಲಿನ ದರಕ್ಕೆ ಒಂದು ತಳ ಇರಲಿ, ಅದಕ್ಕಿಂತ ಕೆಳಗೆ ಯಾವ ವರ್ಷವೂ ಇಳಿಯಬಾರದು. ಮೂಟೆಯ ಬೆಲೆ ಇಷ್ಟು ದಾಟಿದರೆ ಕೆಜಿಗೆ ಇಷ್ಟು ಜಾಸ್ತಿ ಅಂತ ಮೊದಲೇ ಬರೆದಿಡಲಿ. ಹತ್ತು ಮೂಟೆಯ ಬೆಳೆಗಾರನಿಗೂ ಅದು ಭಾರ ಆಗುವುದಿಲ್ಲ, ನನ್ನ 4,800 ರೂಪಾಯಿ ಲೆಕ್ಕ ಮೇಲೇ ಇದೆ. ಬೆಲೆ ಬಿದ್ದ ವರ್ಷಕ್ಕೆ ಅಂತ ಒಳ್ಳೆಯ ವರ್ಷದಲ್ಲಿ ಮೂಟೆಗೆ ಇಂತಿಷ್ಟು ತೆಗೆದಿಡಲಿ. 2003ರಲ್ಲಿ ಕೇಂದ್ರ ಸರ್ಕಾರ ಬೆಳೆಗಾರರಿಗಾಗಿ ಬೆಲೆ ಸ್ಥಿರತೆ ನಿಧಿ ಮಾಡಿತ್ತು. ಹಾಜರಿ ಪುಸ್ತಕದಿಂದ ಹೆಸರು ಹೋಗುವವರಿಗೂ ಅಂಥದ್ದೊಂದು ಬೇಕು, ಕಡೇಪಕ್ಷ ಅವರ ಮಕ್ಕಳು ಆ ವರ್ಷ ಶಾಲೆ ಬಿಡದ ಹಾಗೆ. ಅಸ್ಸಾಂ, ಜಾರ್ಖಂಡ್‌ನಿಂದ ಬರುವವರ ಮಕ್ಕಳು ಕಣದ ಬದಿಯಲ್ಲಿ ಕಲ್ಲು ಆಡಿಕೊಂಡು ಕೂತಿರುವುದನ್ನು ದಿನಾ ನೋಡುತ್ತೇನೆ. ಆ ನಾಲ್ಕು ತಿಂಗಳಿಗೆ ಹತ್ತಿರದ ಶಾಲೆ, ಅಂಗನವಾಡಿಯಲ್ಲಿ ಅವರಿಗೂ ಜಾಗ ಮಾಡಿಕೊಡಬೇಕು.

1987ರಿಂದ ಪ್ರತಿ ವರ್ಷದ ಕೊಯ್ಲಿನ ದರ, ದಿನಗೂಲಿ, ಮೂಟೆಯ ಬೆಲೆ ಮೂರನ್ನೂ ನನ್ನ ಸ್ವಂತ ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಒಟ್ಟು ಹನ್ನೊಂದು ಪುಸ್ತಕ. ಒಂದೆರಡಕ್ಕೆ ಗೆದ್ದಲು ಹಿಡಿದಿದೆ, ಆದರೂ ಅಕ್ಷರ ಓದಬಹುದು. ಅಂಥ ಸಭೆ ಯಾರೇ ಕರೆದರೂ ಅವನ್ನು ಹೊತ್ತುಕೊಂಡು ಬರಲು ನಾನು ತಯಾರಿದ್ದೇನೆ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಎಸ್ಟೇಟ್ ರೈಟರ್
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ